ಹಳೆಯ ಮಜ್ದಾ ಎಂಎಕ್ಸ್-5: ಹಿಂಬದಿ ಚಕ್ರದ ಗುಂಯ್ ಸದ್ದು ಎಲ್ಲಿಂದ, ಬೇರಿಂಗ್ ಬದಲಿಸುವುದು ಹೇಗೆ

ಇದು 1989ರಿಂದ 1997ರವರೆಗೆ ಬಂದ ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5 ಇಟ್ಟುಕೊಂಡಿರುವವರಿಗಾಗಿ ಬರೆದದ್ದು. ಅಮೆರಿಕದಲ್ಲಿ ಇದೇ ಕಾರಿಗೆ ಮಿಯಾಟಾ ಅಂತಾರೆ, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್ ಅಂತ ಮಾರಿದರು. ಭಾರತದಲ್ಲಿ ಇದು ಮಾರಾಟಕ್ಕೆ ಬರಲಿಲ್ಲ. ಆದರೆ ಬ್ರಿಟನ್‌ನಲ್ಲೋ ಅಮೆರಿಕದಲ್ಲೋ ಇರುವ ಕನ್ನಡಿಗರು ಕಡಿಮೆ ದುಡ್ಡಿಗೆ ಒಳ್ಳೆಯ ಸ್ಪೋರ್ಟ್ಸ್ ಕಾರು ಬೇಕು ಅಂದಾಗ ಇದರ ಹತ್ತಿರವೇ ಬರುತ್ತಾರೆ. ಎರಡೇ ಸೀಟು, ಮಡಚುವ ಬಟ್ಟೆಯ ಮಾಡು (ಚಾವಣಿ), ಒಂದು ಟನ್ನಿನ ಆಸುಪಾಸು ತೂಕ, ಹಿಂದಿನ ಚಕ್ರಕ್ಕೆ ಎಂಜಿನ್ ಶಕ್ತಿ. ಮನೆಯಲ್ಲೇ ಸ್ಪ್ಯಾನರ್ ಹಿಡಿದು ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರು ನನಗೆ ಗೊತ್ತಿಲ್ಲ.

ವಯಸ್ಸಾದ ಈ ಕಾರುಗಳಲ್ಲಿ ಸಾಮಾನ್ಯವಾಗಿ ಬರುವ ದೂರು ಒಂದಿದೆ. ವೇಗ ಏರಿದಂತೆ ಹಿಂದಿನಿಂದ ಗುಂಯ್ ಅಂತ ಸದ್ದು. ಮೊದಮೊದಲು ಟೈರಿನದ್ದೇ ಇರಬೇಕು ಅನ್ನಿಸುತ್ತದೆ. ಆಮೇಲೆ ರೇಡಿಯೋ ಜೋರು ಮಾಡಬೇಕಾಗುತ್ತದೆ. ಕೊನೆಗೆ ಪಕ್ಕದಲ್ಲಿ ಕೂತವರೇ ಕೇಳುತ್ತಾರೆ, ಏನಿದು ಸದ್ದು ಅಂತ.

ಬೇರಿಂಗ್ (ಚಕ್ರ ಸರಾಗವಾಗಿ ತಿರುಗಲು ಇರುವ, ಒಳಗೆ ಗುಂಡುಗಳಿರುವ ಬಳೆ) ತರಿಸುವ ಮೊದಲು, ಹೋಗಿರುವುದು ನಿಜವಾಗಿ ಬೇರಿಂಗೇನಾ, ಹೌದಾದರೆ ಎಡದ್ದಾ ಬಲದ್ದಾ ಅಂತ ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಿ. ಮುಂದಿನ ಚಕ್ರದಲ್ಲಿ ಹಬ್ಬೂ (ಚಕ್ರವನ್ನು ಕೂರಿಸುವ ನಡುಭಾಗ) ಬೇರಿಂಗೂ ಸೇರಿದ ಒಂದೇ ತುಂಡು ಇದೆ. ನಟ್ಟು ಬಿಚ್ಚಿ ಹಳೆಯದನ್ನು ಎಳೆದು ಹೊಸದನ್ನು ಹಾಕಿದರೆ ಮುಗಿಯಿತು. ಹಿಂದೆ ಹಾಗಲ್ಲ. ಬೇರಿಂಗ್ ನಕಲ್ (ಸಸ್ಪೆನ್ಷನ್ ತುದಿಯಲ್ಲಿ ಹಬ್ಬನ್ನು ಹಿಡಿದಿರುವ ಲೋಹದ ತುಂಡು) ಒಳಗೆ ಬಿಗಿಯಾಗಿ ಕೂತಿರುತ್ತದೆ, ಅದರೊಳಗೆ ಹಬ್ ಬಿಗಿಯಾಗಿ ಕೂತಿರುತ್ತದೆ. ಎರಡಕ್ಕೂ ಪ್ರೆಸ್ (ಭಾರೀ ಬಲದಿಂದ ಒತ್ತುವ ಯಂತ್ರ) ಬೇಕು. ತಪ್ಪು ಕಡೆ ಬಿಚ್ಚಿದರೆ ಒಂದು ದಿನದ ಕೆಲಸವೂ ಒಂದು ಚೆನ್ನಾಗಿದ್ದ ಬೇರಿಂಗೂ ಹಾಳು. ಹಬ್ ಹೊರಗೆ ಎಳೆದಾಗ ಬೇರಿಂಗ್ ಬಿಚ್ಚಿಕೊಂಡೇ ಬರುತ್ತದೆ, ಅದನ್ನು ಮತ್ತೆ ಬಳಸುವ ಹಾಗಿಲ್ಲ.

ಸದ್ದು ಎಡವಟ್ಟು ಮಾಡುವುದು ಎಲ್ಲಿ

ಈ ಕಾರಿನ ಹಿಂದಿನ ಸಸ್ಪೆನ್ಷನ್ ಒಂದು ಉಕ್ಕಿನ ಸಬ್‌ಫ್ರೇಮಿಗೆ (ಕೆಳಗಿನ ಚೌಕಟ್ಟಿಗೆ) ಕೂತಿದೆ. ಎಂಜಿನ್ ಶಕ್ತಿಯನ್ನು ಎರಡು ಹಿಂದಿನ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಕೂಡ ಅಲ್ಲೇ. ಒಂದು ಕಡೆ ಹುಟ್ಟಿದ ಸದ್ದು ಸಬ್‌ಫ್ರೇಮ್ ಹಿಡಿದು ಇನ್ನೊಂದು ಕಡೆಗೂ ಹೋಗುತ್ತದೆ. ಕ್ಯಾಬಿನ್ ಚಿಕ್ಕದು, ನೀವು ಕೂರುವುದು ಹಿಂದಿನ ಚಕ್ರದ ಮುಂದೆಯೇ. ಹಾಗಾಗಿ ಬರೀ ಕಿವಿಯನ್ನು ನಂಬಿದರೆ ಎಡದ್ದು ಬಲದಿಂದ ಬಂದಂತೆ ಕೇಳುವುದು ಮಾಮೂಲು.

ಮೊದಲು ಎಂಜಿನ್ನನ್ನು ಪಟ್ಟಿಯಿಂದ ತೆಗೆಯಿರಿ. ಖಾಲಿ ರಸ್ತೆಯಲ್ಲಿ ಗಂಟೆಗೆ 40 ಮೈಲಿ, ಅಂದರೆ ಸುಮಾರು 64 ಕಿಲೋಮೀಟರ್ ವೇಗಕ್ಕೆ ಹೋಗಿ ಕ್ಲಚ್ ಒತ್ತಿ. ಎಂಜಿನ್ ತಿರುಗುವುದು ಕಡಿಮೆಯಾದರೂ ಸದ್ದು ಹಾಗೇ ಇದ್ದು, ಕಾರಿನ ವೇಗದ ಜೊತೆಗೇ ಇಳಿದರೆ, ಅದು ಚಕ್ರದ ಕಡೆಯದು. ಟೈರ್, ಬೇರಿಂಗ್, ಡಿಫರೆನ್ಷಿಯಲ್, ಬ್ರೇಕ್, ಇಲ್ಲವೇ ಚಕ್ರದ ಜೊತೆಗೇ ತಿರುಗುತ್ತಿರುವ ಗೇರ್‌ಬಾಕ್ಸ್, ಇಷ್ಟರಲ್ಲಿ ಯಾವುದೋ ಒಂದು.

ಆಮೇಲೆ ಡಿಫರೆನ್ಷಿಯಲ್. ಒಂದೇ ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರ್ ಸ್ವಲ್ಪ ಒತ್ತಿ, ಸ್ವಲ್ಪ ಬಿಡಿ. ಒತ್ತಿದಾಗ ಒಂದು ರಾಗ, ಬಿಟ್ಟಾಗ ಇನ್ನೊಂದು ರಾಗ ಬಂದರೆ ಡಿಫರೆನ್ಷಿಯಲ್ ಹಲ್ಲುಗಳ ಮೇಲೆ ಅನುಮಾನ ಪಡಿ. ಚಕ್ರದ ಬೇರಿಂಗಿಗೆ ಆಕ್ಸಿಲರೇಟರ್ ಒತ್ತಿದರೇನು ಬಿಟ್ಟರೇನು, ಅದರ ಮೇಲಿನ ಭಾರ ಅಷ್ಟೇನೂ ಬದಲಾಗುವುದಿಲ್ಲ. ಸದ್ದಿನ ಎತ್ತರವೂ ಬೇರೆ. 1.6 ಲೀಟರ್ ಕಾರಿನಲ್ಲಿ ಫೈನಲ್ ಡ್ರೈವ್ ಅನುಪಾತ 4.3. ಚಕ್ರ ಒಂದು ಸುತ್ತು ಬಂದರೆ ಪಿನಿಯನ್ (ಡಿಫರೆನ್ಷಿಯಲ್‌ಗೆ ಶಕ್ತಿ ತರುವ ಚಿಕ್ಕ ಹಲ್ಲುಗಾಲಿ) ನಾಲ್ಕೂಕಾಲು ಸುತ್ತಿಗಿಂತ ಜಾಸ್ತಿ ತಿರುಗಿರುತ್ತದೆ. ಅದಕ್ಕೇ ಡಿಫರೆನ್ಷಿಯಲ್ ಸದ್ದು ಸಾಮಾನ್ಯವಾಗಿ ತೆಳ್ಳಗೆ, ಊಳಿಟ್ಟಂತೆ ಇರುತ್ತದೆ. ಬೇರಿಂಗಿನದ್ದು ದಪ್ಪ, ಗೊರಗೊರ.

ಫೋನಿನಲ್ಲಿ ಸದ್ದಿನ ತರಂಗ ತೋರಿಸುವ ಆ್ಯಪ್ ಇದ್ದರೆ ಲೆಕ್ಕ ಹಾಕಿಯೂ ನೋಡಬಹುದು. ಈ ಕಾರಿನ ಮೂಲ ಟೈರ್ 185/60 ಆರ್14. ಅದರ ಸುತ್ತಳತೆ ಸುಮಾರು 1.8 ಮೀಟರ್. 64 ಕಿಲೋಮೀಟರ್ ವೇಗದಲ್ಲಿ ಚಕ್ರ ಸೆಕೆಂಡಿಗೆ ಹತ್ತಿರ ಹತ್ತಿರ 10 ಸುತ್ತು ಬರುತ್ತದೆ. ಟೈರಿನಲ್ಲಿ ಒಂದು ಕಡೆ ಉಬ್ಬು ಇದ್ದರೆ ಸೆಕೆಂಡಿಗೆ 10 ಬಡಿತ, ಅದು ಕೇಳುವುದಕ್ಕಿಂತ ಸೊಂಟಕ್ಕೆ ಗೊತ್ತಾಗುತ್ತದೆ. ಬೇರಿಂಗಿನ ಹೊರ ರೇಸಿನಲ್ಲಿ (ಗುಂಡುಗಳು ಉರುಳುವ ಹೊರ ಬಳೆಯಲ್ಲಿ) ಗುಳಿ ಬಿದ್ದಿದ್ದರೆ ಪ್ರತಿ ಗುಂಡೂ ಅದರ ಮೇಲೆ ಹಾದುಹೋಗುತ್ತದೆ. ಒಂದು ಸಾಲಿನಲ್ಲಿ 12 ಗುಂಡು ಇವೆ ಅಂತ ಇಟ್ಟುಕೊಂಡರೆ, ಪ್ರತಿ ಸುತ್ತಿಗೆ ಐದರ ಹತ್ತಿರ ಬಡಿತ, ಸೆಕೆಂಡಿಗೆ 50ರ ಆಸುಪಾಸು. ಪಿನಿಯನ್ ಒಂದು ಸುತ್ತು ಬರುವುದು ಸೆಕೆಂಡಿಗೆ 42 ಸಲ, ಆದರೆ ಅದರ ಹಲ್ಲು ಕೂಡುವ ಸದ್ದು ಇದಕ್ಕಿಂತ ಎಷ್ಟೋ ಪಟ್ಟು ಮೇಲೆ ಇರುತ್ತದೆ. ಈ ಲೆಕ್ಕದಿಂದಲೇ ತೀರ್ಪು ಕೊಡಬೇಡಿ. ಅನುಮಾನ ಯಾವ ಕಡೆ ವಾಲಬೇಕು ಅನ್ನುವುದಕ್ಕೆ ಮಾತ್ರ ಇದು ಸಾಕು.

ಟೈರಿನ ವಿಷಯಕ್ಕೆ ಬರೋಣ. ಜನ ಅತಿ ಹೆಚ್ಚು ಮೋಸ ಹೋಗುವುದು ಇಲ್ಲೇ. ಅಲೈನ್‌ಮೆಂಟ್ ಸರಿ ಇಲ್ಲದ ಕಾರಿನಲ್ಲಿ, ಶಾಕ್ ಅಬ್ಸಾರ್ಬರ್ ಸತ್ತಿರುವ ಕಾರಿನಲ್ಲಿ, ಟೈರ್ ಅಲ್ಲಲ್ಲಿ ತಗ್ಗು ಬಿದ್ದು ಸವೆಯುತ್ತದೆ. ಅಂಥ ಟೈರ್ ಮಾಡುವ ಸದ್ದು ಹಾಳಾದ ಬೇರಿಂಗಿನದ್ದೇ ಅನ್ನಬೇಕು, ಅಷ್ಟು ಹೋಲುತ್ತದೆ. ಟೈರಿನ ಒಳ ಅಂಚಿನ ಮೇಲೆ ಅಂಗೈ ಇಟ್ಟು ಸವರಿ ನೋಡಿ. ಒಂದು ದಿಕ್ಕಿನಲ್ಲಿ ನುಣುಪಾಗಿ, ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಲ್ಲಿನಂತೆ ಚುಚ್ಚಿದರೆ ಅದು ಸದ್ದು ಮಾಡುವ ಟೈರೇ. ಎಂಎಕ್ಸ್-5ರಲ್ಲಿ ನಾಲ್ಕೂ ಚಕ್ರ ಒಂದೇ ಅಳತೆಯವು. ಹಿಂದಿನವನ್ನು ಮುಂದೆ, ಮುಂದಿನವನ್ನು ಹಿಂದೆ ಹಾಕಿ ಅದೇ ರಸ್ತೆಯಲ್ಲಿ ಹೋಗಿ ಬನ್ನಿ. ಸದ್ದು ಮುಂದಕ್ಕೆ ಬಂದರೆ ಟೈರ್. ಹಿಂದೆಯೇ ಉಳಿದರೆ ಟೈರ್ ಅಲ್ಲ. ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಇದು. ರಸ್ತೆ ಬದಲಾದಾಗಲೂ ಗಮನ ಇರಲಿ. ಕಾಂಕ್ರೀಟಿನಿಂದ ಹೊಸ ಡಾಂಬರಿಗೆ ಬಂದ ತಕ್ಷಣ ಸದ್ದು ಪೂರ್ತಿ ಬದಲಾದರೆ ಟೈರಿನದ್ದು. ಬೇರಿಂಗಿಗೆ ರಸ್ತೆಯ ಮೈ ಹೇಗಿದ್ದರೂ ಒಂದೇ.

ಎಡವೋ ಬಲವೋ

ಕಾರು ಬಲಕ್ಕೆ ತಿರುಗಿದಾಗ ಭಾರ ಎಡಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಬಲಕ್ಕೆ ತಿರುಗುವಾಗ ಸದ್ದು ಜೋರಾದರೆ ಎಡದ ಬೇರಿಂಗ್, ಎಡಕ್ಕೆ ತಿರುಗುವಾಗ ಜೋರಾದರೆ ಬಲದ್ದು. ಬ್ರಿಟನ್‌ನಲ್ಲಿ ಇದಕ್ಕೆ ಒಳ್ಳೆಯ ಜಾಗ ರೌಂಡಬೌಟ್. ಅಲ್ಲಿ ಸುತ್ತುವಷ್ಟು ಹೊತ್ತೂ ಬಲಕ್ಕೇ ತಿರುಗುತ್ತಿರುತ್ತೀರಿ, ಎಡದ ಬೇರಿಂಗ್ ಭಾರ ಹೊತ್ತುಕೊಂಡೇ ಇರುತ್ತದೆ. ಹೊರಗೆ ಬರುವಾಗ ಎಡಕ್ಕೆ ತಿರುಗುತ್ತೀರಿ, ಆಗ ಬಲದ ಸರದಿ. ಸುರಕ್ಷಿತ ವೇಗದಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದಾಗ ಮಾಡಿ.

ಆದರೆ ಈ ನಿಯಮವನ್ನು ಕಣ್ಣು ಮುಚ್ಚಿ ನಂಬಬೇಡಿ. ಹಿಂದಿನ ಬೇರಿಂಗಿನಲ್ಲಿ ಗುಂಡುಗಳು ಎರಡು ಸಾಲಿನಲ್ಲಿವೆ. ಅಡ್ಡಬಲ ಯಾವ ಕಡೆಯಿಂದ ಬರುತ್ತದೆ ಅನ್ನುವುದರ ಮೇಲೆ ಒಂದು ಸಾಲಿಗೆ ಜಾಸ್ತಿ ಭಾರ, ಇನ್ನೊಂದಕ್ಕೆ ಕಡಿಮೆ. ಹಾಳಾಗಿರುವುದು ಎರಡನೇ ಸಾಲಾದರೆ ಲೆಕ್ಕ ಉಲ್ಟಾ ಹೊಡೆಯಬಹುದು. ಹಾಗಾಗಿ ರಸ್ತೆಯಲ್ಲಿ ಕೇಳಿದ್ದನ್ನು ಜ್ಯಾಕ್ ಮೇಲೆ ಎತ್ತಿ ಕೈಯಿಂದಲೂ ನೋಡಲೇಬೇಕು.

ಇನ್ನೊಂದು ಉಪಾಯ ತೆರೆದ ಕಾರಿಗೇ ಹೇಳಿ ಮಾಡಿಸಿದ್ದು. ಮಾಡು ಇಳಿಸಿ, ಎತ್ತರದ ಕಲ್ಲಿನ ಗೋಡೆಯೋ ತಡೆಗೋಡೆಯೋ ಇರುವ ರಸ್ತೆಯಲ್ಲಿ ಹೋಗಿ. ಗೋಡೆ ಎಡಕ್ಕಿದ್ದರೆ ಎಡಚಕ್ರದ ಸದ್ದು ಅದಕ್ಕೆ ಬಡಿದು ನಿಮ್ಮ ಕಿವಿಗೆ ವಾಪಸ್ ಬರುತ್ತದೆ. ಅದೇ ರಸ್ತೆಯಲ್ಲಿ ವಾಪಸ್ ಬರುವಾಗ ಗೋಡೆ ಬಲಕ್ಕೆ ಬರುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಕೇಳಿ.

ಈಗ ಕೈಯ ಕೆಲಸ. ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರು ನಿಲ್ಲಿಸಿ, ಮುಂದಿನ ಚಕ್ರಕ್ಕೆ ಎರಡೂ ಕಡೆ ಅಡ್ಡ ಕೊಡಿ. ಹಿಂದೆ ಡಿಫರೆನ್ಷಿಯಲ್ ಕೆಳಗೆ ಜ್ಯಾಕ್ ಇಟ್ಟು ಎತ್ತಿ, ಎರಡೂ ಕಡೆ ಆಕ್ಸಲ್ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜ್ಯಾಕ್ ಮೇಲೆ ನಿಂತಿರುವ ಕಾರಿನ ಕೆಳಗೆ ಕೈ ಕೂಡ ಹಾಕಬೇಡಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ.

ಟೈರಿನ ಮೇಲುಗಡೆಯಿಂದ ಒಂದು ಕೈ ಒಳಗೆ ತೂರಿಸಿ ಕಾಯಿಲ್ ಸ್ಪ್ರಿಂಗ್ ಮೇಲೆ ಬೆರಳು ಇಡಿ. ಸುಮ್ನೆ ಮುಟ್ಟಿಕೊಂಡಿರಲಿ ಸಾಕು, ಗಟ್ಟಿಯಾಗಿ ಹಿಡಿಯಬೇಡಿ. ಇನ್ನೊಂದು ಕೈಯಿಂದ ಚಕ್ರ ತಿರುಗಿಸಿ. ಒಳ್ಳೆಯ ಬೇರಿಂಗ್ ಇದ್ದರೆ ಸ್ಪ್ರಿಂಗ್‌ನಲ್ಲಿ ಏನೂ ಗೊತ್ತಾಗುವುದಿಲ್ಲ. ಹಾಳಾಗಿದ್ದರೆ ಬೀಸುಕಲ್ಲಿನಲ್ಲಿ ರಾಗಿ ಬೀಸುವಾಗ ಕೈಗೆ ಬರುವಂಥ ಅದುರು, ಕಾಳುಕಾಳಾಗಿ, ಬೆರಳ ತುದಿಗೆ ಬರುತ್ತದೆ. ಕಿವಿಗೆ ಏನೂ ಕೇಳದಿದ್ದಾಗಲೂ ಸ್ಪ್ರಿಂಗ್ ಹೇಳುತ್ತದೆ. ಬ್ರೇಕ್ ಪ್ಯಾಡ್ ಸ್ವಲ್ಪ ಉಜ್ಜುವುದು ಬೇರೆ. ಅದು ಸರ್ ಅಂತ ನುಣುಪಾಗಿ, ಸುತ್ತಿನ ಒಂದು ಭಾಗದಲ್ಲಿ ಮಾತ್ರ ಬರುತ್ತದೆ. ಡಿಸ್ಕಿನ ಹಿಂದಿರುವ ತಗಡು ಬಾಗಿ ತಾಗುತ್ತಿದ್ದರೆ ಕಿರ್ ಅಂತ ಲೋಹದ ಸದ್ದು, ಬೆರಳಿಂದ ತಗಡನ್ನು ಹಿಂದಕ್ಕೆ ತಳ್ಳಿದರೆ ಹೋಗುತ್ತದೆ. ಎರಡೂ ಕಡೆ ಮಾಡಿ, ಮತ್ತೆ ಮೊದಲ ಕಡೆಗೆ ಹೋಗಿ ಮಾಡಿ. ಹೋಲಿಸಿ ನೋಡಿದಾಗಲೇ ಬೆರಳಿಗೆ ನಂಬಿಕೆ ಬರುವುದು.

ಆಮೇಲೆ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಎಡ ಬಲ ಹಿಡಿದೂ ಅಲ್ಲಾಡಿಸಿ. ಎರಡೂ ದಿಕ್ಕಿನಲ್ಲಿ ಟಕ್ ಟಕ್ ಅಂತ ಸಡಿಲ ಇದ್ದರೆ ಬೇರಿಂಗ್, ಇಲ್ಲವೇ ಡ್ರೈವ್ ಶಾಫ್ಟಿನ (ಡಿಫರೆನ್ಷಿಯಲ್‌ನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ದಂಡದ) ಸಡಿಲವಾದ ನಟ್ಟು. ಒಂದೇ ದಿಕ್ಕಿನಲ್ಲಿದ್ದರೆ ಬುಶ್ (ಸಸ್ಪೆನ್ಷನ್ ಕೀಲಿನಲ್ಲಿರುವ ರಬ್ಬರ್ ಬಳೆ) ನೋಡಿ. ಈ ಕಾರಿನ ಹಿಂದೆ ಬಾಲ್ ಜಾಯಿಂಟ್ ಇಲ್ಲ, ನಕಲ್‌ನ ಮೇಲೂ ಕೆಳಗೂ ರಬ್ಬರ್ ಬುಶ್‌ಗಳೇ. ಅಲ್ಲಾಡಿಸುವಾಗ ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಬ್ರೇಕ್ ಒತ್ತಿದಾಗ ಸಡಿಲ ಮಾಯವಾದರೆ ಅದು ಬೇರಿಂಗಿನದ್ದು, ಹಾಗೇ ಉಳಿದರೆ ಬುಶ್‌ನದ್ದು. ಆದರೆ ಒಂದು ಮಾತು. ಸಡಿಲ ಇಲ್ಲ ಅಂದಾಕ್ಷಣ ಬೇರಿಂಗ್ ಚೆನ್ನಾಗಿದೆ ಅಂತಲ್ಲ. ಗುಂಯ್ ಅನ್ನುವ ಎಷ್ಟೋ ಬೇರಿಂಗುಗಳು ಒಂದಿಷ್ಟೂ ಅಲ್ಲಾಡುವುದಿಲ್ಲ. ಸಡಿಲ ಬರುವುದು ರೋಗ ಬಲಿತ ಮೇಲೆ. ಬ್ರಿಟನ್‌ನ ವಾರ್ಷಿಕ ಎಂಒಟಿ ತಪಾಸಣೆಯಲ್ಲಿ ಬೇರಿಂಗ್ ಜಾಸ್ತಿ ಸಡಿಲವಿದ್ದರೂ ಜಾಸ್ತಿ ಒರಟಾಗಿದ್ದರೂ ಫೇಲ್ ಮಾಡುತ್ತಾರೆ, ಅಷ್ಟರವರೆಗೆ ಕಾಯಬೇಡಿ.

ಕಾರನ್ನು ಸ್ಟ್ಯಾಂಡ್ ಮೇಲೆ ಇಟ್ಟು, ಎಂಜಿನ್ ಹಾಕಿ, ಗೇರಿನಲ್ಲಿ ಚಕ್ರ ತಿರುಗಿಸಿ ಕೇಳುವವರಿದ್ದಾರೆ. ನಾನು ಅದನ್ನು ಹೇಳುವುದಿಲ್ಲ. ಅಪಾಯ ಒಂದು ಕಡೆ. ಅದಕ್ಕಿಂತ ಮುಖ್ಯ, ಗಾಳಿಯಲ್ಲಿ ತಿರುಗುವ ಚಕ್ರದ ಮೇಲೆ ಕಾರಿನ ಭಾರ ಇರುವುದಿಲ್ಲ. ರಸ್ತೆಯಲ್ಲಿ ಕೂಗುವ ಬೇರಿಂಗ್ ಅಲ್ಲಿ ತೆಪ್ಪಗಿದ್ದುಬಿಡಬಹುದು.

ಹೊರಡುವಾಗ, ರಿವರ್ಸ್‌ನಿಂದ ಮುಂದಕ್ಕೆ ಬದಲಿಸುವಾಗ ಹಿಂದಿನಿಂದ ಟಕ್ ಅಂತ ಒಂದೇ ಒಂದು ಸದ್ದು ಬರುತ್ತಿದೆಯಾ? ಅದಕ್ಕೆ ಬೇರಿಂಗ್ ಬದಲಿಸಬೇಡಿ. ಡ್ರೈವ್ ಶಾಫ್ಟ್ ಹೊರ ಜಾಯಿಂಟಿನ ಮುಖ ಬೇರಿಂಗಿಗೆ ಒತ್ತಿ ಕೂರುವ ಜಾಗದಲ್ಲಿ ಒಣಗಿ, ಜಾರಿ, ಹಾಗೆ ಸದ್ದು ಮಾಡುತ್ತದೆ. ನಟ್ಟು ಬಿಚ್ಚಿ, ಶಾಫ್ಟ್ ಹಿಂದಕ್ಕೆ ತಳ್ಳಿ, ಆ ಮುಖ ಒರೆಸಿ, ತೆಳ್ಳಗೆ ಗ್ರೀಸ್ ಹಚ್ಚಿ, ಹೊಸ ನಟ್ಟನ್ನು ಸರಿಯಾದ ಬಿಗಿಗೆ ಹಾಕಿದರೆ ಸಾಮಾನ್ಯವಾಗಿ ನಿಲ್ಲುತ್ತದೆ.

ಯಾಕೆ ಹೋಗುತ್ತದೆ

ಮುಖ್ಯ ಶತ್ರು ನೀರು ಮತ್ತು ಉಪ್ಪು. ಚಳಿಗಾಲದಲ್ಲಿ ಬ್ರಿಟನ್‌ನಲ್ಲೂ ಅಮೆರಿಕದ ಉತ್ತರದ ರಾಜ್ಯಗಳಲ್ಲೂ ರಸ್ತೆಗೆ ಉಪ್ಪು ಹಾಕುತ್ತಾರೆ. ಮೂವತ್ತು ವರ್ಷ ಹಳೆಯ ಸೀಲಿನ ಅಂಚಿನಿಂದ ಆ ನೀರು ಒಳಗೆ ಹೋಗುತ್ತದೆ, ಗ್ರೀಸ್ ಕೆಡುತ್ತದೆ, ರೇಸಿನ ಮೇಲೆ ತುಕ್ಕಿನ ಚುಕ್ಕೆ ಏಳುತ್ತದೆ. ಅಲ್ಲಿಂದ ಲೋಹ ಚಕ್ಕೆ ಚಕ್ಕೆಯಾಗಿ ಏಳಲು ಶುರು. ಕಾರು ತಿಂಗಳುಗಟ್ಟಲೆ ನಿಂತಲ್ಲೇ ನಿಂತಿದ್ದರೆ ಇನ್ನೂ ಕೆಟ್ಟದ್ದು. ಪಾದಚಾರಿ ಕಟ್ಟೆಗೆ ಚಕ್ರ ಗುದ್ದಿದ್ದರೆ, ಚಕ್ರ ಹೊರಗೆ ಬರುವಂತೆ ಸ್ಪೇಸರ್ ಹಾಕಿದ್ದರೆ ಆಯುಸ್ಸು ಕಡಿಮೆ. ಹಿಂದೆ ಯಾರಾದರೂ ಬದಲಿಸಿದ್ದು ಬೇಗ ಹೋಗಿದೆ ಅಂದರೆ, ಕೂರಿಸಿದ ರೀತಿ ತಪ್ಪು ಅಥವಾ ನಟ್ಟಿನ ಬಿಗಿ ಕಡಿಮೆ ಆಗಿತ್ತು ಅಂತಲೇ ನಾನು ಮೊದಲು ಯೋಚಿಸುವುದು.

ಬಿಚ್ಚುವುದು

ಡ್ರೈವ್ ಶಾಫ್ಟ್ ನಟ್ಟಿಗೆ 29 ಮಿಲಿಮೀಟರ್ ಸಾಕೆಟ್ ಬೇಕು. ನಟ್ಟಿನ ಅಂಚನ್ನು ಶಾಫ್ಟಿನ ಕಚ್ಚಿಗೆ ಬಡಿದು ಕೂರಿಸಿರುತ್ತಾರೆ. ಆ ಮಡಿಕೆಯನ್ನು ಚಿಕ್ಕ ಉಳಿಯಿಂದ ಪೂರ್ತಿ ಎತ್ತಿ. ಅರ್ಧಂಬರ್ಧ ಎತ್ತಿ ತಿರುಗಿಸಿದರೆ ಶಾಫ್ಟಿನ ಮರೆ (ನಟ್ಟು ಸುತ್ತಿಕೊಳ್ಳುವ ತಿರುಪಿನ ಗೆರೆ) ಕೆಡುತ್ತದೆ. ಚಕ್ರ ನೆಲದಲ್ಲಿರುವಾಗಲೇ, ನಡುವಿನ ಕ್ಯಾಪ್ ತೆಗೆದು, ಇನ್ನೊಬ್ಬರು ಬ್ರೇಕ್ ಒತ್ತಿರುವಾಗ, ಉದ್ದದ ಬ್ರೇಕರ್ ಬಾರಿನಿಂದ ನಟ್ಟು ಸಡಿಲಿಸಿ. ಸಡಿಲಿಸಿದ ಮೇಲೆ ಕಾರನ್ನು ಉರುಳಿಸಬೇಡಿ.

ಕಾರು ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರ ತೆಗೆಯಿರಿ. ಬ್ರೇಕ್ ಕ್ಯಾಲಿಪರನ್ನು (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಬ್ರಾಕೆಟ್ ಸಮೇತ ಬಿಚ್ಚಿ ತಂತಿಯಿಂದ ಸ್ಪ್ರಿಂಗಿಗೆ ತೂಗು ಹಾಕಿ, ಹೋಸ್ ಮೇಲೆ ಜೋತಾಡಲು ಬಿಡಬೇಡಿ. ಡಿಸ್ಕ್ ತೆಗೆಯಿರಿ. ಎಬಿಎಸ್ ಇರುವ ಕಾರಾದರೆ ನಕಲ್‌ನಲ್ಲಿರುವ ಸೆನ್ಸರನ್ನು ಮೊದಲೇ ಬಿಡಿಸಿ ಪಕ್ಕಕ್ಕಿಡಿ. ಅದು ತುಕ್ಕಿನಲ್ಲಿ ಕಚ್ಚಿಕೊಂಡಿದ್ದರೆ ಎಳೆದು ಮುರಿಯಬೇಡಿ. ಒಂದು ದಿನ ಮೊದಲೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ತೆಗೆಯಿರಿ.

ನಟ್ಟನ್ನು ಶಾಫ್ಟಿನ ತುದಿಗೆ ಸಮನಾಗಿ ಬರುವಷ್ಟು ತಿರುಗಿಸಿ ಬಿಟ್ಟು, ತಾಮ್ರದ ಸುತ್ತಿಗೆಯಿಂದ ತಟ್ಟಿ ಶಾಫ್ಟ್ ಹಿಂದಕ್ಕೆ ಸರಿಸಿ. ಜಗ್ಗದಿದ್ದರೆ ಮೂರು ಕಾಲಿನ ಪುಲ್ಲರ್ ಹಾಕಿ. ಶಾಫ್ಟ್ ಹೊರಗೆ ಬಂದ ಮೇಲೆ ಅದನ್ನೂ ತಂತಿಯಿಂದ ಕಟ್ಟಿ, ಜಾಯಿಂಟ್ ಬಿಚ್ಚಿಕೊಳ್ಳದಂತೆ.

ಈಗ ನಕಲ್. ಮೇಲೆ ಒಂದು ಬೋಲ್ಟ್, ಕೆಳಗೆ ಒಂದು ಉದ್ದ ಬೋಲ್ಟ್. ಮೇಲಿನದ್ದು ಸಾಮಾನ್ಯವಾಗಿ ಬರುತ್ತದೆ. ಕೆಳಗಿನ ಉದ್ದ ಬೋಲ್ಟ್ ಈ ಕೆಲಸದ ಅತಿ ಕಷ್ಟದ ಭಾಗ. ಉಪ್ಪು ತಿಂದ ಕಾರುಗಳಲ್ಲಿ ಅದು ಬುಶ್‌ನ ಒಳಗಿನ ಉಕ್ಕಿನ ಕೊಳವೆಗೆ ಬೆಸುಗೆ ಹಾಕಿದಂತೆ ಅಂಟಿಕೊಂಡಿರುತ್ತದೆ. ನಟ್ಟು ಬರುತ್ತದೆ, ಬೋಲ್ಟ್ ತಿರುಗಿದಂತೆಯೂ ಕಾಣುತ್ತದೆ. ಹತ್ತಿರದಿಂದ ನೋಡಿ, ಬೋಲ್ಟ್ ಜೊತೆ ಬುಶ್‌ನ ಕೊಳವೆಯೂ ತಿರುಗುತ್ತಿದೆಯಾ, ರಬ್ಬರ್ ಹಿಂಡಿದಂತೆ ಆಗುತ್ತಿದೆಯಾ ಅಂತ. ಹಾಗಿದ್ದರೆ ಎಷ್ಟು ತಿರುಗಿಸಿದರೂ ಅದು ಹೊರಗೆ ಬರುವುದಿಲ್ಲ, ರಬ್ಬರ್ ಹರಿಯುತ್ತದೆ ಅಷ್ಟೇ. ಒಂದು ವಾರ ಮೊದಲಿನಿಂದಲೇ ದಿನಾ ಎಣ್ಣೆ ಹಾಕುತ್ತಾ ಬನ್ನಿ. ನಟ್ಟನ್ನು ತುದಿಯಲ್ಲಿ ಬಿಟ್ಟು ಅದರ ಮೇಲೆ ಬಡಿಯಿರಿ, ಮರೆ ಉಳಿಯುತ್ತದೆ. ಸ್ವಲ್ಪ ಸರಿದರೂ ಗೆದ್ದಿರಿ, ಅಲ್ಲಿಂದ ಹಿಂದೆ ಮುಂದೆ ಮಾಡುತ್ತಾ ತೆಗೆಯಬಹುದು. ಏನು ಮಾಡಿದರೂ ಬರದಿದ್ದರೆ ಗರಗಸದಿಂದ ಕತ್ತರಿಸುವುದೊಂದೇ ದಾರಿ. ಅದಕ್ಕೇ ಹೊಸ ಬೋಲ್ಟ್, ಹೊಸ ಬುಶ್ ಕೈಯಲ್ಲಿಟ್ಟುಕೊಂಡೇ ಕೆಲಸ ಶುರು ಮಾಡಿ. ಕಾರು ದಿನಾ ಬೇಕಾದವರಿಗೆ ಇದು ಇನ್ನೂ ಮುಖ್ಯ.

ಒಂದು ಸಮಾಧಾನ ಇದೆ. ಅಲೈನ್‌ಮೆಂಟ್ ಹೊಂದಿಸುವ ಕ್ಯಾಮ್ ಬೋಲ್ಟುಗಳು ಕೆಳಗಿನ ತೋಳಿನ ಒಳ ತುದಿಯಲ್ಲಿ, ಸಬ್‌ಫ್ರೇಮ್ ಹತ್ತಿರ ಇವೆ. ಅವನ್ನು ಮುಟ್ಟದಿದ್ದರೆ ನಕಲ್ ತೆಗೆದು ಹಾಕಿದ ಮಾತ್ರಕ್ಕೆ ಅಲೈನ್‌ಮೆಂಟ್ ಕೆಡುವುದಿಲ್ಲ.

ಪ್ರೆಸ್ ಮೇಲೆ

ಇಲ್ಲಿಂದ ಮುಂದೆ ಮನೆಯಲ್ಲಿ ಪ್ರೆಸ್ ಇಲ್ಲದವರು ನಕಲನ್ನು ಹತ್ತಿರದ ಗ್ಯಾರೇಜಿಗೋ ಲೇತ್ ಕೆಲಸದವರಿಗೋ ಒಯ್ಯಬಹುದು. ಬಿಚ್ಚುವ ಕಷ್ಟ ನೀವೇ ಮುಗಿಸಿರುವುದರಿಂದ ಅವರಿಗೆ ಸ್ವಲ್ಪ ಹೊತ್ತಿನ ಕೆಲಸ. ಆದರೆ ಮುಂದಿನದನ್ನು ಓದಿಕೊಂಡು ಹೋಗಿ, ಪಕ್ಕದಲ್ಲೇ ನಿಂತು ನೋಡಿ.

ನಕಲನ್ನು ಕೆಳಗಿನಿಂದ ಆನಿಸಿ, ಹಿಂಬದಿಯಿಂದ ಹಬ್ಬನ್ನು ಒತ್ತಿ ಹೊರಗೆ ತಳ್ಳಿ. ಟಪ್ ಅಂತ ಒಮ್ಮೆಲೇ ಬಿಡುತ್ತದೆ, ಕೆಳಗೆ ಬಟ್ಟೆ ಹಾಸಿರಲಿ. ಬೇರಿಂಗಿನ ಹೊರಗಡೆಯ ಒಳ ರೇಸ್ ಹಬ್ಬಿನ ಮೇಲೆಯೇ ಉಳಿದು ಬರುತ್ತದೆ, ಗಾಬರಿ ಬೇಡ. ಅದನ್ನು ಬೇರಿಂಗ್ ಸೆಪರೇಟರ್ ಹಾಕಿ ಎಳೆಯಿರಿ. ಅದಕ್ಕೆ ಹಿಡಿತ ಸಿಗದಿದ್ದರೆ ಗ್ರೈಂಡರಿನಿಂದ ರೇಸನ್ನು ಒಂದು ಕಡೆ ತೆಳ್ಳಗೆ ಮಾಡಿ ಉಳಿಯಿಂದ ಒಂದು ಏಟು ಕೊಟ್ಟರೆ ಸೀಳುತ್ತದೆ. ಗ್ರೈಂಡರ್ ಹಬ್ಬಿಗೆ ತಾಗಬಾರದು, ಕಣ್ಣಿಗೆ ಕನ್ನಡಕ ಇರಲೇಬೇಕು. ಹಬ್ಬಿನ ಆ ಮೈ ಈಗ ಚೆನ್ನಾಗಿ ನೋಡಿ. ರೇಸ್ ಅದರ ಮೇಲೆ ಜಾರಿ ತಿರುಗಿದ್ದರೆ ಗೆರೆ ಬಿದ್ದಿರುತ್ತದೆ, ಕಾದು ನೀಲಿಯಾಗಿರುತ್ತದೆ. ಅಂಥ ಹಬ್ಬಿಗೆ ಹೊಸ ಬೇರಿಂಗ್ ಹಾಕುವುದು ದುಡ್ಡು ದಂಡ. ಹಬ್ಬನ್ನೂ ಬದಲಿಸಿ.

ಬೇರಿಂಗ್ ಹೊರಗೆ ಜಾರದಂತೆ ಹಿಡಿಯುವ ಸರ್ಕ್ಲಿಪ್ (ಉಕ್ಕಿನ ತಂತಿಬಳೆ) ತೆಗೆಯಿರಿ. ಅದು ಕೂತಿರುವ ತೋಡಿನಲ್ಲಿ ತುಕ್ಕು ತುಂಬಿದ್ದರೆ ಮೊದಲು ತೋಡನ್ನು ಕೆರೆದು ಸ್ವಚ್ಛ ಮಾಡಿ. ಸರ್ಕ್ಲಿಪ್ ಇದ್ದ ಕಡೆಯಿಂದಲೇ ಹಳೆಯ ಬೇರಿಂಗ್ ಹೊರಗೆ ಬರುತ್ತದೆ. ಇದನ್ನು ತೆಗೆಯದೆ ಪ್ರೆಸ್ ಒತ್ತಿದರೆ ನಕಲ್ ಹಾಳಾಗುತ್ತದೆ. ಖಾಲಿಯಾದ ರಂಧ್ರದ ಒಳಮೈಯಲ್ಲಿ ಬೆರಳಾಡಿಸಿ ನೋಡಿ. ತುಕ್ಕನ್ನು ಮೆಲ್ಲಗೆ ಉಜ್ಜಿ ತೆಗೆಯಿರಿ, ಲೋಹ ಕೆರೆಯಬೇಡಿ.

ಹೊಸ ಬೇರಿಂಗ್ ಕೂರಿಸುವ ನಿಯಮ ಒಂದೇ. ಪ್ರೆಸ್ಸಿನ ಬಲ ಗುಂಡುಗಳ ಮೂಲಕ ಹಾಯಬಾರದು. ಬೇರಿಂಗನ್ನು ನಕಲ್ ಒಳಗೆ ಒತ್ತುವಾಗ ಹೊರ ರೇಸಿನ ಮೇಲೆ ಮಾತ್ರ ಒತ್ತಿ. ಹಬ್ಬನ್ನು ಬೇರಿಂಗ್ ಒಳಗೆ ಒತ್ತುವಾಗ ಹಿಂಬದಿಯಲ್ಲಿ ಒಳ ರೇಸಿಗೆ ಮಾತ್ರ ಆಸರೆ ಕೊಡಿ. ನಕಲನ್ನು ಆನಿಸಿ ಹಬ್ ಒತ್ತಿದರೆ ಬಲವೆಲ್ಲ ಒಳ ರೇಸಿನಿಂದ ಗುಂಡಿಗೆ, ಗುಂಡಿನಿಂದ ಹೊರ ರೇಸಿಗೆ ಹೋಗುತ್ತದೆ. ಗುಂಡು ರೇಸನ್ನು ಮುಟ್ಟುವ ಜಾಗ ಎಷ್ಟು ಚಿಕ್ಕದು ಅಂತ ಯೋಚಿಸಿ. ಟನ್ನುಗಟ್ಟಲೆ ಬಲ ಅಷ್ಟು ಚಿಕ್ಕ ಜಾಗದಲ್ಲಿ ಬಿದ್ದರೆ ಪ್ರತಿ ಗುಂಡಿನ ಕೆಳಗೂ ಒಂದು ಗುಳಿ. ಬೇರಿಂಗ್ ಹೊರಗಿನಿಂದ ಹೊಚ್ಚ ಹೊಸದಾಗೇ ಕಾಣುತ್ತದೆ, ಕೈಯಿಂದ ತಿರುಗಿಸಿದರೂ ಸರಿಯಾಗೇ ಇರುತ್ತದೆ. ಸ್ವಲ್ಪ ದಿನ ಓಡಿದ ಮೇಲೆ ಅದೇ ಗುಂಯ್ ವಾಪಸ್.

ಹೊರ ರೇಸಿಗೆ ಸರಿಹೊಂದುವ ಉಕ್ಕಿನ ಬಳೆ ಸಿಗದಿದ್ದರೆ ಹಳೆಯ ಬೇರಿಂಗಿನ ಹೊರ ರೇಸನ್ನೇ ಬಳಸಬಹುದು. ಅದರ ಹೊರಮೈಯನ್ನು ಸುತ್ತಲೂ ಸ್ವಲ್ಪ ಉಜ್ಜಿ ಸಣ್ಣದು ಮಾಡಿ, ಇಲ್ಲದಿದ್ದರೆ ಅದೂ ಒಳಗೆ ಸಿಕ್ಕಿಕೊಳ್ಳುತ್ತದೆ. ಬೇರಿಂಗನ್ನು ಅದರ ಪೊಟ್ಟಣ ಸಮೇತ ರಾತ್ರಿ ಫ್ರೀಜರಿನಲ್ಲಿಟ್ಟು, ನಕಲನ್ನು ಬಿಸಿಗಾಳಿ ಗನ್ನಿನಿಂದ ಕೈಗೆ ಬಿಸಿ ತಾಗುವಷ್ಟು ಕಾಯಿಸಿದರೆ ಕೂರುವುದು ಸಲೀಸು. ಮೊದಲ ಒಂದೆರಡು ಮಿಲಿಮೀಟರ್ ನೇರ ಹೋಗುತ್ತಿದೆಯಾ ನೋಡಿ. ಓರೆಯಾದರೆ ತಕ್ಷಣ ನಿಲ್ಲಿಸಿ, ಹೊರಗೆ ತೆಗೆದು ಮತ್ತೆ ಶುರು ಮಾಡಿ. ತಳ ತಾಗಿದಾಗ ಪ್ರೆಸ್ಸಿನ ಹಿಡಿ ಒಮ್ಮೆಲೇ ಗಟ್ಟಿಯಾಗುತ್ತದೆ, ಅಲ್ಲಿಗೆ ನಿಲ್ಲಿಸಿ. ಹೊಸ ಸರ್ಕ್ಲಿಪ್ ತೋಡಿನೊಳಗೆ ಸುತ್ತಲೂ ಪೂರ್ತಿ ಕೂತಿದೆಯಾ ಅಂತ ಬೆರಳಾಡಿಸಿ ನೋಡಿ. ಹಬ್ ಒತ್ತುವ ಮೊದಲು ಡಿಸ್ಕಿನ ಹಿಂದಿನ ತಗಡು ತನ್ನ ಜಾಗದಲ್ಲಿದೆಯಾ ನೋಡಿ. ಮರೆತರೆ ಮತ್ತೆ ಬಿಚ್ಚಬೇಕು, ಬಿಚ್ಚಿದರೆ ಬೇರಿಂಗ್ ಹೋಯಿತು. ಚಕ್ರದ ಸ್ಟಡ್ ಯಾವುದಾದರೂ ಮರೆ ಕೆಟ್ಟಿದ್ದರೆ ಹಬ್ ಕೈಯಲ್ಲಿರುವಾಗಲೇ ಬದಲಿಸಿಕೊಳ್ಳಿ.

ಮತ್ತೆ ಜೋಡಿಸುವುದು

ಉದ್ದ ಬೋಲ್ಟಿನ ನಡು ಭಾಗಕ್ಕೆ ಧಾರಾಳವಾಗಿ ಗ್ರೀಸ್ ಹಚ್ಚಿ, ಮುಂದಿನ ಸಲ ಬಿಚ್ಚುವವರು ನಿಮ್ಮನ್ನು ನೆನೆಯುತ್ತಾರೆ. ನಕಲ್‌ನ ಎರಡೂ ಬೋಲ್ಟುಗಳನ್ನು ಈಗ ಕೈಬಿಗಿ ಮಾಡಿ ಬಿಡಿ. ಪೂರ್ತಿ ಬಿಗಿ ಕಾರಿನ ಭಾರ ಚಕ್ರದ ಮೇಲೆ ಬಂದಾಗಲೇ. ಸಸ್ಪೆನ್ಷನ್ ಜೋತಾಡುತ್ತಿರುವಾಗ ಬಿಗಿ ಮಾಡಿದರೆ ಕಾರು ಇಳಿದಾಗ ರಬ್ಬರ್ ಬುಶ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ.

ಶಾಫ್ಟಿನ ಮುಖಕ್ಕೆ ತೆಳ್ಳಗೆ ಗ್ರೀಸ್, ಹೊಸ ನಟ್ಟು. ಹಳೆಯ ನಟ್ಟು ಬೇಡವೇ ಬೇಡ. ಡಿಸ್ಕ್, ಕ್ಯಾಲಿಪರ್ ಹಾಕಿ, ಒಬ್ಬರು ಬ್ರೇಕ್ ಒತ್ತಿ ಹಿಡಿದಿರುವಾಗ ಕಾರು ಸ್ಟ್ಯಾಂಡ್ ಮೇಲಿದ್ದಾಗಲೇ ನಟ್ಟನ್ನು ಆದಷ್ಟು ಬಿಗಿ ಮಾಡಿ. ಬೇರಿಂಗಿನ ಎರಡು ಒಳ ರೇಸುಗಳನ್ನು ಒಂದಕ್ಕೊಂದು ಅದುಮಿ ಹಿಡಿಯುವುದು ಈ ನಟ್ಟೇ. ಅದು ಸಡಿಲ ಇರುವಾಗ ಕಾರಿನ ಭಾರ ಹಾಕಿ ಉರುಳಿಸಿದರೆ ಹೊಸ ಬೇರಿಂಗಿಗೆ ಅಲ್ಲೇ ಪೆಟ್ಟು. ಆಮೇಲೆ ಚಕ್ರ ಹಾಕಿ ಇಳಿಸಿ, ಟಾರ್ಕ್ ರೆಂಚಿನಿಂದ ಪೂರ್ತಿ ಬಿಗಿ. ಕಂಪನಿ ಹೇಳುವ ಬಿಗಿ 216ರಿಂದ 294 ನ್ಯೂಟನ್ ಮೀಟರ್, ಅಂದರೆ 159ರಿಂದ 217 ಪೌಂಡ್ ಅಡಿ. ಚಿಕ್ಕ ಟಾರ್ಕ್ ರೆಂಚ್ ಅಲ್ಲಿಯವರೆಗೆ ಹೋಗುವುದಿಲ್ಲ, ದೊಡ್ಡದನ್ನು ಬಾಡಿಗೆಗೆ ತನ್ನಿ. ಅಂದಾಜಿನ ಬಿಗಿ ಇಲ್ಲಿ ನಡೆಯುವುದಿಲ್ಲ. ಕೊನೆಗೆ ನಟ್ಟಿನ ಅಂಚನ್ನು ಶಾಫ್ಟಿನ ಕಚ್ಚಿಗೆ ಬಡಿದು ಕೂರಿಸಿ. ಚಕ್ರದ ನಟ್ಟುಗಳಿಗೆ 88ರಿಂದ 118 ನ್ಯೂಟನ್ ಮೀಟರ್.

ಹಿಂದಿನ ಕ್ಯಾಲಿಪರಿನಲ್ಲೇ ಹ್ಯಾಂಡ್‌ಬ್ರೇಕ್ ಇದೆ. ಹೊಸ ಪ್ಯಾಡ್ ಹಾಕಿದ್ದರೆ ಪಿಸ್ಟನ್ನನ್ನು ಜಿ ಕ್ಲ್ಯಾಂಪಿನಿಂದ ಒತ್ತಬೇಡಿ. ಕ್ಯಾಲಿಪರಿನ ಹಿಂದೆ 14 ಮಿಲಿಮೀಟರಿನ ಮುಚ್ಚಳದ ಬೋಲ್ಟ್ ಇದೆ, ಅದನ್ನು ತೆಗೆದರೆ ಒಳಗೆ 4 ಮಿಲಿಮೀಟರ್ ಆ್ಯಲನ್ ಕೀ ಹಾಕುವ ಸ್ಕ್ರೂ ಸಿಗುತ್ತದೆ. ಅದರಿಂದಲೇ ಪಿಸ್ಟನ್ ಹಿಂದಕ್ಕೂ ಮುಂದಕ್ಕೂ ಹೋಗುತ್ತದೆ. ಹೊರಡುವ ಮೊದಲು ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ಒತ್ತಿ.

ಮೊದಲ ಓಡಾಟ ಅದೇ ರಸ್ತೆ, ಅದೇ ವೇಗ, ಅದೇ ರೌಂಡಬೌಟ್. ವಾಪಸ್ ಬಂದು ಎರಡೂ ಕಡೆ ಹಬ್ಬಿನ ಹತ್ತಿರ ಅಂಗೈ ತನ್ನಿ, ತಕ್ಷಣ ಮುಟ್ಟಬೇಡಿ. ಕೆಲಸ ಮಾಡಿದ ಕಡೆ ಇನ್ನೊಂದಕ್ಕಿಂತ ತುಂಬಾ ಬಿಸಿ ಇದ್ದರೆ ಬ್ರೇಕ್ ಹಿಡಿದುಕೊಂಡಿದೆಯಾ ಅಂತ ಮೊದಲು ನೋಡಿ. ಕೆಲವು ದಿನ ಓಡಿಸಿದ ಮೇಲೆ ಚಕ್ರದ ನಟ್ಟುಗಳ ಬಿಗಿ ಇನ್ನೊಮ್ಮೆ ನೋಡಿ, ಶಾಫ್ಟ್ ನಟ್ಟಿನ ಮಡಿಕೆ ಕಚ್ಚಿನಲ್ಲೇ ಕೂತಿದೆಯಾ ಅಂತಲೂ ನೋಡಿ.

ಎರಡೂ ಕಡೆ ಒಟ್ಟಿಗೆ ಬದಲಿಸಬೇಕಾ ಅಂತ ಕೇಳುತ್ತಾರೆ. ಬೇಕಿಲ್ಲ. ಸ್ಪ್ರಿಂಗ್ ಪರೀಕ್ಷೆಯಲ್ಲಿ ಇನ್ನೊಂದು ಕಡೆ ನುಣುಪಾಗಿದ್ದರೆ ಅದನ್ನು ಮುಟ್ಟಬೇಡಿ. ಚೆನ್ನಾಗಿರುವ ಬೇರಿಂಗನ್ನು ಬಿಚ್ಚಿ ಹಾಳು ಮಾಡುವುದಕ್ಕಿಂತ ಹಾಗೇ ಬಿಡುವುದು ಮೇಲು. ಅದೇ ಜೋರು ಸದ್ದು ಇಳಿದ ಮೇಲೆ ಅದರ ಕೆಳಗೆ ಅಡಗಿದ್ದ ಇನ್ನೊಂದು ಚಿಕ್ಕ ಸದ್ದು ಕೇಳಿಸಿದರೆ, ಮೊದಲಿನಿಂದ ಅದೇ ಪರೀಕ್ಷೆಗಳನ್ನು ಮಾಡಿ, ಇನ್ನೊಂದು ಕಡೆಯ ಬೇರಿಂಗೇ ಅಂತ ಮೊದಲೇ ತೀರ್ಮಾನ ಮಾಡಬೇಡಿ. ಆಕ್ಸಿಲರೇಟರ್ ಒತ್ತಿದಾಗ ಬಿಟ್ಟಾಗ ಅದು ಬದಲಾಗುತ್ತಿದ್ದರೆ ಡಿಫರೆನ್ಷಿಯಲ್ ಆಯಿಲನ್ನು ಬಿಳಿ ತಟ್ಟೆಗೆ ಇಳಿಸಿ, ಬಿಸಿಲಿನಲ್ಲಿ ಹಿಡಿದು ನೋಡಿ. ಬೂದಿಯಂಥ ನುಣುಪು ಪುಡಿ ವಯಸ್ಸಿನದ್ದು. ಚಕ್ಕೆಗಳು ಮಿನುಗಿದರೆ ಮುಂದಿನ ಕೆಲಸ ಅಲ್ಲಿದೆ.